ಕಾರ್ಡಿನ ಬೆಲೆ ಅದರ ವಯಸ್ಸಿನಲ್ಲಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಅಮೆರಿಕದಲ್ಲಿ ಆಟಗಾರನ ಚಿತ್ರವಿರುವ ಬೇಸ್‌ಬಾಲ್ ಕಾರ್ಡೊಂದು ಕೋಟಿಗಟ್ಟಲೆ ಬೆಲೆಗೆ ಹರಾಜಾಯಿತು ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಆಗಾಗ ಚಿಕ್ಕದೊಂದು ಚೌಕಟ್ಟಿನಲ್ಲಿ ಬರುತ್ತದೆ. ‘ಹಳೆಯ ರಟ್ಟಿನ ತುಂಡಿಗೆ ನೂರು ಕೋಟಿ’ ಎಂಬ ಧಾಟಿಯ ತಲೆಬರಹ, ಕೆಳಗೆ ನಾಲ್ಕು ಸಾಲು, ಅಷ್ಟೆ. ಓದಿದವರು ಅಟ್ಟದ ಮೇಲಿನ ಟ್ರಂಕು ಇಳಿಸಿ ತೊಂಬತ್ತರ ದಶಕದ ಟ್ರಂಪ್ ಕಾರ್ಡಿನ ಕಟ್ಟು ಹುಡುಕುತ್ತಾರೆ. ಕೆಲವರು ಅದನ್ನು ಆನ್‌ಲೈನಿನಲ್ಲಿ ಬಾಯಿಗೆ ಬಂದ ಬೆಲೆಗೆ ಮಾರಾಟಕ್ಕೂ ಇಡುತ್ತಾರೆ. ಇನ್ನು ಕೆಲವರು ಆ ಬೆಲೆ ನೋಡಿ ಅದೇ ಮಾರುಕಟ್ಟೆ ದರ ಎಂದು ನಂಬುತ್ತಾರೆ. ಹಾಕಿದ ಬೆಲೆ ಬೇರೆ, ಬಿಕರಿಯಾದ ಬೆಲೆ ಬೇರೆ. ಇಷ್ಟಕ್ಕೆಲ್ಲ ಕಾರಣ ಆ ತಲೆಬರಹದ ಒಂದು ಪದ: ‘ಹಳೆಯ’. ಕಾರ್ಡು ಸಂಗ್ರಹಿಸುವವರು ವಯಸ್ಸಿಗೆ ದುಡ್ಡು ಕೊಡುವುದಿಲ್ಲ. ಯಾವುದಕ್ಕೆ ಕೊಡುತ್ತಾರೆ ಎಂಬುದು ಒಂದೊಂದು ಬಗೆಯ ಕಾರ್ಡಿಗೆ ಒಂದೊಂದು ಥರ.

ನೂರು ಕೋಟಿಯ ಕಾರ್ಡನ್ನೇ ನೋಡೋಣ. 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹೋದದ್ದು ಟಾಪ್ಸ್ ಕಂಪನಿ 1952ರಲ್ಲಿ ಮುದ್ರಿಸಿದ ಮಿಕ್ಕಿ ಮ್ಯಾಂಟಲ್ ಕಾರ್ಡು, ಸೆಟ್ಟಿನಲ್ಲಿ 311ನೆಯದು. ಇದು ಮ್ಯಾಂಟಲ್‌ನ ಮೊದಲ ಕಾರ್ಡಲ್ಲ. ಮೊದಲನೆಯದು ಅದರ ಹಿಂದಿನ ವರ್ಷ, 1951ರಲ್ಲಿ, ಬೌಮನ್ ಎಂಬ ಕಂಪನಿಯಿಂದ ಬಂದಿತ್ತು. 1952ರದು ಅಪರೂಪವೂ ಅಲ್ಲ. ಸೆಟ್ಟಿನಲ್ಲಿ ಅದು ಬಂದ ಕಂತಿನ ಅಚ್ಚಿನ ಹಾಳೆಯಲ್ಲಿ ಮೂವರು ಆಟಗಾರರ ಚಿತ್ರ ಎರಡೆರಡು ಸಲ ಇತ್ತು, ಅವರಲ್ಲಿ ಮ್ಯಾಂಟಲ್ ಒಬ್ಬ. ಅಂದರೆ ಪಕ್ಕದ ಅನಾಮಧೇಯ ಆಟಗಾರನ ಒಂದು ಕಾರ್ಡಿಗೆ ಮ್ಯಾಂಟಲ್‌ನವು ಎರಡು ಅಚ್ಚಾಗಿವೆ. ಇವತ್ತು ಪರೀಕ್ಷಕ ಸಂಸ್ಥೆಗಳಿಂದ ತಮ್ಮ ಸ್ಥಿತಿಗೆ ತಕ್ಕ ದರ್ಜೆ ಪಡೆದ ಪ್ರತಿಗಳೇ ಸಾವಿರಕ್ಕೂ ಹೆಚ್ಚಿವೆ.

ಮತ್ತೆ ಅಷ್ಟೊಂದು ಬೆಲೆ ಏಕೆ? 1952ರ ಟಾಪ್ಸ್ ಸೆಟ್ಟಿನಲ್ಲಿ ಒಟ್ಟು 407 ಕಾರ್ಡು, ಕಂತುಕಂತಾಗಿ ಅಂಗಡಿಗೆ ಬಂದವು. 311ರಿಂದ ಶುರುವಾಗುವ ಕೊನೆಯ ಕಂತು ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತ ಬಂದು ಹುಡುಗರ ಗಮನ ಬೇರೆಡೆ ಹೊರಳಿತ್ತು. ಪೆಟ್ಟಿಗೆಗಳು ಗೋದಾಮಿನಲ್ಲೇ ಉಳಿದವು. 1960ರ ಸುಮಾರಿಗೆ ಅವನ್ನು ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದದ್ದನ್ನು ಆ ಸೆಟ್ಟಿನ ವಿನ್ಯಾಸಕ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎರಡನೆಯ ಕಾರಣ ಇನ್ನೂ ಗಟ್ಟಿ. ಈ ಸೆಟ್ಟಿನ ಕಾರ್ಡು ಬೌಮನ್‌ದಕ್ಕಿಂತ ದೊಡ್ಡದು, ಬಣ್ಣ ಗಾಢ, ಹಿಂಬದಿಯಲ್ಲಿ ಆಟಗಾರನ ಅಂಕಿಅಂಶ. ಇವತ್ತಿಗೂ ಬೇಸ್‌ಬಾಲ್ ಕಾರ್ಡು ಎಂದರೆ ಕಣ್ಣ ಮುಂದೆ ಬರುವ ಅಚ್ಚು ಅದೇ. ಬೌಮನ್ ಕಂಪನಿಯನ್ನು 1956ರಲ್ಲಿ ಟಾಪ್ಸೇ ಕೊಂಡುಕೊಂಡಿತು. ಮೂರನೆಯದು ದರ್ಜೆ. ಮಾರಾಟವಾದ ಪ್ರತಿಗೆ ಎಸ್‌ಜಿಸಿ ಎಂಬ ಸಂಸ್ಥೆ ಹತ್ತಕ್ಕೆ 9.5 ಕೊಟ್ಟಿತ್ತು. ಅದೇ ಕಾರ್ಡಿನ, ಮೂಲೆ ಸವೆದು ಗೆರೆ ಬಿದ್ದ ಪ್ರತಿ ಆ ಬೆಲೆಯ ನೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ.

ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡಿನ ಲೆಕ್ಕ ಇದಕ್ಕೆ ತದ್ವಿರುದ್ಧ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನೊಳಗೆ ಇಡುತ್ತಿದ್ದ, ಸಂಗ್ರಾಹಕರು ಟಿ206 ಎಂದು ಕರೆಯುವ ಸೆಟ್ಟು ಅದು. ವ್ಯಾಗ್ನರ್ ಕಾರ್ಡಿನ ಮುದ್ರಣ ಶುರುವಾದ ಸ್ವಲ್ಪದರಲ್ಲೇ ನಿಂತಿತು. ಮಕ್ಕಳು ತನ್ನ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ವ್ಯಾಗ್ನರ್‌ಗೆ ಇಷ್ಟವಿರಲಿಲ್ಲ ಎನ್ನುವವರಿದ್ದಾರೆ, ಕೇಳಿದ ದುಡ್ಡು ಸಿಗಲಿಲ್ಲ ಎನ್ನುವವರೂ ಇದ್ದಾರೆ. ಏನೇ ಇರಲಿ, ಈಗ ಉಳಿದಿರುವುದು ಐವತ್ತು ಅರವತ್ತು. ಹೀಗಾಗಿ ಇಲ್ಲಿ ದರ್ಜೆಯ ಮಾತು ಹಿಂದೆ ಸರಿಯುತ್ತದೆ. 2021ರಲ್ಲಿ 66 ಲಕ್ಷ ಡಾಲರಿಗೆ ಹೋದ ಪ್ರತಿಯ ದರ್ಜೆ 3, ಮರುವರ್ಷ 72.5 ಲಕ್ಷಕ್ಕೆ ಹೋದದ್ದರ ದರ್ಜೆ 2. ಅರ್ಧ ಹರಿದುಹೋಗಿ ಉಳಿದರ್ಧ ಮಾತ್ರ ಇದ್ದ ಇನ್ನೊಂದು ಪ್ರತಿಗೂ 2022ರಲ್ಲಿ ನಾಲ್ಕೂ ಮುಕ್ಕಾಲು ಲಕ್ಷ ಡಾಲರ್ ಸಿಕ್ಕಿತು. ಮ್ಯಾಂಟಲ್ ಕಾರ್ಡನ್ನು ಅರ್ಧ ಹರಿದು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ಇಂಥ ಸುದ್ದಿ ಹಾಕುವಾಗ ಬೆಲೆಯ ಜೊತೆಗೆ ಮೂರು ವಿವರ ದಯವಿಟ್ಟು ಸೇರಿಸಿ: ಯಾವ ಕಂಪನಿಯ ಯಾವ ವರ್ಷದ ಸೆಟ್ಟು, ಕಾರ್ಡಿನ ಸಂಖ್ಯೆ ಎಷ್ಟು, ದರ್ಜೆ ಎಷ್ಟು. ಇವು ಮೂರೂ ಇಲ್ಲದ ಬೆಲೆ ಸೈಟಿನ ಅಳತೆ ಹೇಳದೆ ರೇಟು ಹೇಳಿದಂತೆ.

ದರ್ಜೆಗಾಗಿಯೇ ಬೆಲೆ ಪಡೆಯುವ ಕಾರ್ಡುಗಳೂ ಇವೆ. ಆ್ಯಂಡಿ ಪ್ಯಾಫ್ಕೊ ಹೆಸರು ಬೇಸ್‌ಬಾಲ್ ಬಲ್ಲವರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ 1952ರ ಟಾಪ್ಸ್ ಸೆಟ್ಟಿನಲ್ಲಿ ಅವನದು ಒಂದನೇ ನಂಬರು. ಹುಡುಗರು ಸೆಟ್ಟನ್ನು ನಂಬರಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಬ್ಯಾಂಡು ಕಚ್ಚುತ್ತಿದ್ದದ್ದು ಮೇಲಿನ ಕಾರ್ಡನ್ನು, ಧೂಳು, ಬೆವರು, ಮೇಜಿನ ತೇವ ಬೀಳುತ್ತಿದ್ದದ್ದೂ ಅದಕ್ಕೇ. ಹೀಗಾಗಿ ಮಾಸದ ಪ್ಯಾಫ್ಕೊ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ಅಷ್ಟಿಷ್ಟಲ್ಲ. 1971ರ ಟಾಪ್ಸ್ ಸೆಟ್ಟಿನದೂ ಇಂಥದೇ ಪಾಡು. ಅದರ ಅಂಚು ಪೂರ್ತಿ ಕಪ್ಪು. ಬಿಳಿ ಅಂಚಿನ ಕಾರ್ಡಿನಲ್ಲಿ ಕಣ್ಣಿಗೆ ಬೀಳದ ಸಾಸಿವೆಯಷ್ಟು ಸವೆತವೂ ಅಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

ದರ್ಜೆ ಕೊಡುವುದು ಹೇಗೆಂದು ಒಂದಿಷ್ಟು ಹೇಳಬೇಕು. ಪಿಎಸ್‌ಎ ಎಂಬ ಅಮೆರಿಕದ ಸಂಸ್ಥೆ 1991ರಲ್ಲಿ ಈ ಕೆಲಸ ಶುರುಮಾಡಿತು. ಕಾರ್ಡನ್ನು ಪರೀಕ್ಷಿಸಿ, 1ರಿಂದ 10ರೊಳಗೆ ಒಂದಂಕಿ ಕೊಟ್ಟು, ಒಡೆಯದೆ ತೆರೆಯಲಾಗದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಈ ಪೆಟ್ಟಿಗೆಗೆ ಸ್ಲ್ಯಾಬ್ ಎನ್ನುತ್ತಾರೆ. ನೋಡುವುದು ನಾಲ್ಕು: ಚಿತ್ರ ನಟ್ಟನಡುವೆ ಇದೆಯೇ, ಮೂಲೆ ಚೂಪಾಗಿವೆಯೇ, ಅಂಚು ನೇರವೇ, ಮೇಲ್ಮೈಯಲ್ಲಿ ಗೀರು ಇದೆಯೇ. ಮೊದಲನೆಯದನ್ನು ಮನೆಯಲ್ಲೇ ಅಳೆಯಬಹುದು. ಎಡ ಅಂಚು 1.8 ಮಿಲಿಮೀಟರ್, ಬಲ ಅಂಚು 2.2 ಇದ್ದರೆ ಒಟ್ಟು 4, 2.2 ಅಂದರೆ ಅದರಲ್ಲಿ ಶೇ 55. ಇದನ್ನು 55–45 ಎನ್ನುತ್ತಾರೆ, 10ರ ದರ್ಜೆಗೆ ಮುಂಭಾಗ ಹೆಚ್ಚುಕಡಿಮೆ ಇದೇ ಮಿತಿ. ಅದೇ 1.5 ಮತ್ತು 2.5 ಆದರೆ ಶೇ 62.5, ಹತ್ತರ ಆಸೆ ಅಲ್ಲಿಗೆ ಬಿಡಬೇಕು. ಕಾಲು ಮಿಲಿಮೀಟರಿಗೂ ಕಡಿಮೆ ಅಂತರದಿಂದ ಕೆಲವೊಮ್ಮೆ ಬೆಲೆ ಅರ್ಧಕ್ಕಿಳಿಯುತ್ತದೆ. ಇದು ಸರಿಯೇ ಎಂದರೆ, ನಮ್ಮ ಮಟ್ಟಿಗೆ ಅತಿಯೇ. ಆದರೆ ಮಾರುಕಟ್ಟೆ ಹೀಗೇ ನಡೆಯುತ್ತಿದೆ.

ಅತಿಯಾದಾಗ ಕತ್ತರಿಯೂ ಹೊರಬರುತ್ತದೆ. ಸವೆದ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಮೂಲೆ ಹೊಸದಾಗುತ್ತದೆ, ಇದಕ್ಕೆ ಟ್ರಿಮ್ಮಿಂಗ್ ಎನ್ನುತ್ತಾರೆ. ಪಿಎಸ್‌ಎ ದರ್ಜೆ ಕೊಟ್ಟ ಮೊದಲ ಕಾರ್ಡು, 8 ಪಡೆದು ಜಗತ್ತಿನ ಅತಿ ಪ್ರಸಿದ್ಧವೆನಿಸಿದ ಆ ವ್ಯಾಗ್ನರ್ ಕೂಡ ಹಾಗೆ ಅಂಚು ಕತ್ತರಿಸಿದ್ದೇ. ಹರಾಜುಗಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಅದನ್ನು ಒಪ್ಪಿಕೊಂಡ. ಅಷ್ಟರೊಳಗೆ, 2007ರಲ್ಲಿ, ಅದು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿಯಾಗಿತ್ತು. ಟ್ರಿಮ್ ಆದದ್ದನ್ನು ಹಿಡಿಯಲು ಅದೇ ಸೆಟ್ಟಿನ ಅಗ್ಗದ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ಅಳತೆ ಹೋಲಿಸಿ. ಆಮೇಲೆ ಅಂಚನ್ನು ಬೆಳಕಿಗೆ ಹಿಡಿಯಿರಿ. ಮುಖವೆಲ್ಲ ಹಳದಿಗಟ್ಟಿ ಒಂದು ಬದಿಯ ಅಂಚು ಮಾತ್ರ ಹಾಲಿನಂತೆ ಬೆಳ್ಳಗಿದ್ದರೆ ಅನುಮಾನ ಪಡಬೇಕು.

ಇನ್ನು ‘ರೂಕಿ’ ಕಾರ್ಡು, ಎಂದರೆ ಆಟಗಾರ ಹೊಸಬನಾಗಿದ್ದಾಗ ಬಂದದ್ದು. ಆಗ ಅವನು ಮುಂದೆ ಏನಾಗುತ್ತಾನೆಂದು ಯಾರಿಗೂ ಗೊತ್ತಿರುವುದಿಲ್ಲ, ಕಾರ್ಡನ್ನು ಜೋಪಾನ ಮಾಡಿದವರೂ ಕಡಿಮೆ. ಒಬ್ಬ ಆಟಗಾರನ ಮೇಲೆ ನೂರಾರು ಕಾರ್ಡು ಬಂದರೂ ಎಲ್ಲರೂ ಬಯಸುವುದು ಇದೊಂದನ್ನೇ. ಕೇಳಲು ಸರಳ, ನಿಯಮ ಮಾತ್ರ ಸಿಕ್ಕುಸಿಕ್ಕು. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ 1984ರಲ್ಲೇ ಆ ಆಟದ ಲೀಗಾದ ಎನ್‌ಬಿಎಗೆ ಬಂದ. ಸ್ಟಾರ್ ಎಂಬ ಕಂಪನಿ ಆ ಋತುವಿನಲ್ಲೇ ಅವನ ಕಾರ್ಡು ತಂದಿತ್ತು. ಆದರೆ ಅದು ಅಂಗಡಿಯ ಪ್ಯಾಕಿನಲ್ಲಿ ಸಿಗುತ್ತಿರಲಿಲ್ಲ, ಒಂದೊಂದು ತಂಡದ ಕಾರ್ಡುಗಳನ್ನು ಒಂದೊಂದು ಚೀಲದಲ್ಲಿ ಹಾಕಿ ಮಾರುತ್ತಿದ್ದರು. ಹೀಗಾಗಿ 1986ರಲ್ಲಿ ಬಂದ ಫ್ಲೀರ್ ಸೆಟ್ಟಿನ 57ನೆಯ ಕಾರ್ಡನ್ನೇ ಹೆಚ್ಚಿನವರು ರೂಕಿ ಎನ್ನುತ್ತಾರೆ. 10 ದರ್ಜೆಯ ಪ್ರತಿ 2021ರ ಜನವರಿಯಲ್ಲಿ 7,38,000 ಡಾಲರಿಗೆ ಹೋಗಿ, ಒಂದೆರಡು ವರ್ಷದಲ್ಲಿ ಅದರ ಅರ್ಧಕ್ಕೂ ಕೆಳಗೆ ಬಂತು. 10 ಪಡೆದವೇ ಮುನ್ನೂರಕ್ಕೂ ಹೆಚ್ಚು ಇರುವ ಕಾರ್ಡು ಅದು. ಲಾಕ್‌ಡೌನ್ ಕಾಲದ ಬಿಸಿಗೆ ಉಬ್ಬಿದ್ದು ಆಮೇಲೆ ಇಳಿಯಿತು. ಗೊಂದಲ ತಪ್ಪಿಸಲೆಂದೇ 2006ರಿಂದ ಅಮೆರಿಕದ ಬೇಸ್‌ಬಾಲ್ ರೂಕಿ ಕಾರ್ಡುಗಳ ಮೇಲೆ ‘ಆರ್‌ಸಿ’ ಎಂಬ ಗುರುತು ಅಚ್ಚಾಗುತ್ತಿದೆ. ಆದರೂ ಬೇಸ್‌ಬಾಲ್ ಆಟಗಾರ ಮೈಕ್ ಟ್ರೌಟ್‌ನ ಅತಿ ದುಬಾರಿ ಕಾರ್ಡು, 2020ರಲ್ಲಿ 39 ಲಕ್ಷ ಡಾಲರ್ ದಾಟಿದ್ದು, ಅವನು ದೊಡ್ಡ ಲೀಗಿಗೆ ಬರುವ ಮೊದಲೇ, 2009ರಲ್ಲಿ ಬಂದದ್ದು. ಅದರ ಮೇಲೆ ಆರ್‌ಸಿ ಗುರುತೇ ಇಲ್ಲ.

ಆ ಟ್ರೌಟ್ ಕಾರ್ಡು ಜಗತ್ತಿಗೆಲ್ಲ ಒಂದೇ ಒಂದು. ಇಲ್ಲಿಂದ ಶುರುವಾಗುವುದು ಬೇರೆ ಜಾತಿಯ ಅಪರೂಪ. ಎಂಬತ್ತರ ದಶಕದ ಕೊನೆ, ತೊಂಬತ್ತರ ಮೊದಲ ಭಾಗದಲ್ಲಿ ‘ಕಾರ್ಡು ಹೂಡಿಕೆ’ ಎಂದು ಜನ ಪೆಟ್ಟಿಗೆಗಟ್ಟಲೆ ಕೊಂಡಿಟ್ಟರು. ಕಂಪನಿಗಳೂ ಹಗಲುರಾತ್ರಿ ಮುದ್ರಿಸಿದವು. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲವೂ ಉಳಿದವು, ಆ ಕಾಲದ್ದನ್ನು ಅಲ್ಲಿಯವರು ‘ಜಂಕ್ ವ್ಯಾಕ್ಸ್’ ಎಂದೇ ಕರೆಯುತ್ತಾರೆ. 1989ರ ಅಪ್ಪರ್ ಡೆಕ್ ಸೆಟ್ಟಿನ ಒಂದನೇ ನಂಬರಿನ ಕೆನ್ ಗ್ರಿಫಿ ಜೂನಿಯರ್ ಎಲ್ಲರಿಗೂ ಬೇಕಾದ ಕಾರ್ಡು. ಆದರೆ 10 ದರ್ಜೆಯವೇ ಸಾವಿರಗಟ್ಟಲೆ ಇರುವುದರಿಂದ ಬೆಲೆ ಒಂದು ಹಂತ ಮೀರುವುದಿಲ್ಲ. ಈ ಪೆಟ್ಟು ತಿಂದ ಮೇಲೆ ಕಂಪನಿಗಳು ಅಪರೂಪವನ್ನು ತಾವೇ ತಯಾರಿಸತೊಡಗಿದವು. 1993ರ ಟಾಪ್ಸ್ ಫೈನೆಸ್ಟ್‌ನಲ್ಲಿ ಬೆಳಕಿಗೆ ಹಿಡಿದರೆ ಕಾಮನಬಿಲ್ಲು ಮೂಡುವ ರಿಫ್ರ್ಯಾಕ್ಟರ್ ಬಂತು. 1997–98ರ ಮೆಟಲ್ ಯೂನಿವರ್ಸ್ ಬ್ಯಾಸ್ಕೆಟ್‌ಬಾಲ್ ಸೆಟ್ಟಿನಲ್ಲಿ ಒಬ್ಬೊಬ್ಬ ಆಟಗಾರನ ‘ಪ್ರೆಷಸ್ ಮೆಟಲ್ ಜೆಮ್ಸ್’ ನೂರೇ ನೂರು: ಮೊದಲ ಹತ್ತು ಹಸಿರು, ಉಳಿದ ತೊಂಬತ್ತು ಕೆಂಪು. ಈಗ ಒಂದೇ ಚಿತ್ರ ಹತ್ತಿಪ್ಪತ್ತು ಬಣ್ಣದಲ್ಲಿ ಬರುತ್ತದೆ. ಇವಕ್ಕೆ ಪ್ಯಾರಲಲ್ ಎನ್ನುತ್ತಾರೆ, ಅನೇಕವುಗಳ ಮೇಲೆ 99ರಲ್ಲಿ ಇಷ್ಟನೆಯದು, 25ರಲ್ಲಿ ಇಷ್ಟನೆಯದು ಎಂದು ನಂಬರು. ಅಂಗಿಯ ನಂಬರಿಗೆ ಹೊಂದುವ ಪ್ರತಿಗೆ ಒಂದಿಷ್ಟು ಹೆಚ್ಚು. ಜೋರ್ಡನ್‌ದಾದರೆ 23ನೆಯದಕ್ಕೆ.

ಕೊಳ್ಳುವವರು ಎಡವುವುದೂ ಇಲ್ಲೇ. ಸಮುದ್ರಕ್ಕೆ ಹೋದ ಪೆಟ್ಟಿಗೆ ಮತ್ತೆ ಬರುವುದಿಲ್ಲ, ಕಾರ್ಖಾನೆಯ ‘ಒಂದೇ ಒಂದು’ ಮಾತ್ರ ಮುಂದಿನ ವರ್ಷ ಇನ್ನೊಂದು ಸೆಟ್ಟಿನಲ್ಲಿ ಮತ್ತೆ ಬರುತ್ತದೆ. ಒಂದೇ ಸೆಟ್ಟಿನಲ್ಲೂ ಹಾಗೇ. ಅಚ್ಚಿಗೆ ಬಳಸಿದ ಲೋಹದ ಫಲಕಗಳನ್ನೇ ಕಾರ್ಡಾಗಿ ಪ್ಯಾಕಿಗೆ ಹಾಕುತ್ತಾರೆ. ನೀಲಿ, ಕೆನ್ನೇರಳೆ, ಹಳದಿ, ಕಪ್ಪು, ನಾಲ್ಕು ಬಣ್ಣಕ್ಕೆ ನಾಲ್ಕು ಫಲಕ, ನಾಲ್ಕರ ಮೇಲೂ ‘1/1’. ಜಗತ್ತಿಗೆ ಒಂದೇ ಎಂಬುದು ನಾಲ್ಕು ಇದ್ದ ಹಾಗಾಯಿತು. ಸಂಖ್ಯೆ ಕಡಿಮೆ ಇದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಬಯಸುವವರು ಅದಕ್ಕಿಂತ ಹೆಚ್ಚು ಇರಬೇಕು. ಯಾರಿಗೂ ಬೇಡದ ಆಟಗಾರನ ಹತ್ತೇ ಪ್ರತಿಯಿದ್ದರೂ ಹೆಚ್ಚೇ. ಲೀಗಿನ ಪರವಾನಗಿ ಇಲ್ಲದ ಕಂಪನಿ ತಂಡದ ಲಾಂಛನವನ್ನು ಅಳಿಸಿ ಮುದ್ರಿಸಿದ ಕಾರ್ಡಿಗೆ, ನಂಬರು ಎಷ್ಟೇ ಕಡಿಮೆಯಿದ್ದರೂ, ಬೇಡಿಕೆ ಇಳಿಮುಖವೇ.

ಆಟಗಾರನ ಸಹಿ ಅಥವಾ ಅಂಗಿಯ ಬಟ್ಟೆಯ ತುಂಡಿರುವ ಕಾರ್ಡಿನಲ್ಲಿ ಹಿಂಬದಿಯ ಸಣ್ಣಕ್ಷರ ಓದದೆ ಕೈಹಾಕಬಾರದು. ಆಟಗಾರ ಕಾರ್ಡಿನ ಮೇಲೆಯೇ ಪೆನ್ನಿಟ್ಟು ಸಹಿ ಮಾಡಿದ್ದಕ್ಕೆ ಬೆಲೆ ಹೆಚ್ಚು. ಪಾರದರ್ಶಕ ಸ್ಟಿಕ್ಕರಿನ ಹಾಳೆಗಳಲ್ಲಿ ಸಾಲಾಗಿ ಸಹಿ ಹಾಕಿಸಿ ಕಂಪನಿ ಆಮೇಲೆ ಅಂಟಿಸಿದ್ದಕ್ಕೆ ಕಡಿಮೆ. ಓರೆಯಾಗಿ ಹಿಡಿದರೆ ಸ್ಟಿಕ್ಕರಿನ ಅಂಚು ಕಾಣುತ್ತದೆ. ಬಟ್ಟೆಯ ತುಂಡಿನಲ್ಲೂ ಮೇಲು ಕೀಳು ಇದೆ. ‘ಪಂದ್ಯದಲ್ಲಿ ಧರಿಸಿದ್ದು’ ಎಂದಿದ್ದರೆ ಉತ್ತಮ. ‘ಆಟಗಾರ ಧರಿಸಿದ್ದು’ ಎಂದಷ್ಟೇ ಇದ್ದರೆ ಫೋಟೊ ತೆಗೆಸುವಾಗ ಐದು ನಿಮಿಷ ಹಾಕಿ ತೆಗೆದ ಅಂಗಿಯೂ ಆಗಿರಬಹುದು. ‘ಯಾವುದೇ ನಿರ್ದಿಷ್ಟ ಪಂದ್ಯಕ್ಕೆ ಸಂಬಂಧಿಸಿದ್ದಲ್ಲ’ ಎಂದಿದ್ದರೆ ಅದು ಬರೀ ಬಟ್ಟೆ. ಇದರ ಇನ್ನೊಂದು ತುದಿಯಲ್ಲಿ ಬೇಸ್‌ಬಾಲ್ ಆಟಗಾರ ಪಾಲ್ ಸ್ಕೀನ್ಸ್ ಕಾರ್ಡಿದೆ. 2024ರ ಮೇ 11ರಂದು ಅವನು ದೊಡ್ಡ ಲೀಗಿನಲ್ಲಿ ಮೊದಲ ಪಂದ್ಯ ಆಡಿದಾಗ ಅಂಗಿಯ ಮೇಲಿದ್ದ ಪಟ್ಟಿಯನ್ನೇ ತೆಗೆದು, ಸಹಿ ಹಾಕಿಸಿ ಮಾಡಿದ ಏಕೈಕ ಕಾರ್ಡು. ಹನ್ನೊಂದು ವರ್ಷದ ಹುಡುಗನೊಬ್ಬನ ಪ್ಯಾಕಿನಲ್ಲಿ ಸಿಕ್ಕಿ, 2025ರ ಮಾರ್ಚಿನಲ್ಲಿ 11.1 ಲಕ್ಷ ಡಾಲರಿಗೆ ಹೋಯಿತು. ಆ ಪಟ್ಟಿ ಯಾವ ದಿನ, ಯಾವ ಪಂದ್ಯದ್ದೆಂಬುದು ಗೊತ್ತಿರುವುದೇ ಅದರ ಬಂಡವಾಳ.

ತಪ್ಪಚ್ಚಾದ ಕಾರ್ಡಿಗೂ ಬೆಲೆ ಉಂಟು, ಆದರೆ ಕಂಪನಿ ಅದನ್ನು ಮಧ್ಯದಲ್ಲಿ ತಿದ್ದಿದ್ದರೆ ಮಾತ್ರ. 1989ರ ಫ್ಲೀರ್ ಸೆಟ್ಟಿನಲ್ಲಿ ಬಿಲ್ಲಿ ರಿಪ್ಕನ್ ಹಿಡಿದ ಬ್ಯಾಟಿನ ಬುಡದಲ್ಲಿ ಬೈಗುಳ ಬರೆದಿತ್ತು. ಕಂಪನಿ ಒಮ್ಮೆ ಬಿಳಿ ಬಳಿದು, ಒಮ್ಮೆ ಗೀಚಿ, ಒಮ್ಮೆ ಕಪ್ಪು ಚೌಕ ಮುಚ್ಚಿ ಹಲವು ರೂಪ ಹೊರಬಿಟ್ಟಿತು, ಸಂಗ್ರಾಹಕರು ಒಂದೊಂದಕ್ಕೂ ಹುಡುಕಾಡಿದರು. 1957ರ ಟಾಪ್ಸ್‌ನಲ್ಲಿ ಹ್ಯಾಂಕ್ ಆ್ಯರನ್ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಚ್ಚಾಯಿತು. ಅದನ್ನು ತಿದ್ದಲೇ ಇಲ್ಲ, ಎಲ್ಲ ಪ್ರತಿಯೂ ತಪ್ಪೇ. ಆದ್ದರಿಂದ ಆ ತಪ್ಪಿಗೆಂದು ಬಿಡಿಗಾಸೂ ಹೆಚ್ಚಿಲ್ಲ, ಬೆಲೆಯೆಲ್ಲ ಆ್ಯರನ್‌ದು.

ನಮ್ಮ ಕಡೆಯ ಕಾರ್ಡುಗಳಿಗೆ ಬರೋಣ. ಕ್ರಿಕೆಟಿಗೆ ಹಳೆಯ ಪರಂಪರೆಯೇ ಇದೆ. ಇಂಗ್ಲೆಂಡಿನ ವಿಲ್ಸ್ ಸಿಗರೇಟು ಕಂಪನಿ 1896ರಲ್ಲೇ 50 ಕಾರ್ಡಿನ ಕ್ರಿಕೆಟಿಗರ ಸೆಟ್ಟು ತಂದಿತ್ತು. ಡಬ್ಲ್ಯು.ಜಿ. ಗ್ರೇಸ್ ಜೊತೆ ನಮ್ಮ ರಣಜಿತ್‌ಸಿಂಹಜಿ ಕೂಡ ಅದರಲ್ಲಿದ್ದಾರೆ. ಬ್ರಾಡ್‌ಮನ್ ಇರುವ ಪ್ಲೇಯರ್ಸ್ ಎಂಬ ಸಿಗರೇಟು ಕಂಪನಿಯ 1938ರ ಸೆಟ್ಟು ವಯಸ್ಸಿನಲ್ಲಿ ಮ್ಯಾಂಟಲ್‌ಗಿಂತ ಹಿರಿದು, ಬೆಲೆಯಲ್ಲಿ ಹತ್ತಿರಕ್ಕೂ ಬರುವುದಿಲ್ಲ. ಕಾರಣ, ಸಿಗರೇಟಿನ ಜೊತೆ ಲೆಕ್ಕವಿಲ್ಲದಷ್ಟು ಹಂಚಿಕೆಯಾಗಿ, ಆಲ್ಬಮ್ಮುಗಳಲ್ಲಿ ಲೆಕ್ಕವಿಲ್ಲದಷ್ಟು ಉಳಿದಿವೆ. ಟಾಪ್ಸ್‌ನವರು ಐಪಿಎಲ್ ತಂಡಗಳ ಹೆಸರಿನಲ್ಲಿ ಇಲ್ಲಿ ಮಾರಿದ ಕ್ರಿಕೆಟ್ ಅಟ್ಯಾಕ್ಸ್ ಆಡಲೆಂದೇ ಮಾಡಿದ್ದು. ಆರ್‌ಸಿಬಿ ಕಾರ್ಡುಗಳು ಶಾಲೆಯ ಬ್ಯಾಗಿನಲ್ಲಿ ಸವೆದಿವೆ. ಹೀಗಾಗಿ ಮಾಸದ ಪ್ರತಿಗೆ ಮುಂದೆ ಬೇಡಿಕೆ ಬಂದರೆ ಆಶ್ಚರ್ಯವಿಲ್ಲ. ಯಾವುದು ರೂಕಿ ಎಂದು ಎಲ್ಲರೂ ಒಪ್ಪುವ ನಿಯಮ ಕ್ರಿಕೆಟಿನಲ್ಲಿ ಇಲ್ಲದಿರುವುದರಿಂದ ‘ಕೊಹ್ಲಿ ರೂಕಿ’ ಎಂದು ಮಾರುವವರ ಮಾತಿಗೆ ಮಾರುವವರೇ ಸಾಕ್ಷಿ. ಪೆಟ್ಟಿ ಅಂಗಡಿಯಲ್ಲಿ ನೇತುಹಾಕಿ ಮಾರುತ್ತಿದ್ದ ಟ್ರಂಪ್ ಕಾರ್ಡುಗಳ ಕಥೆ ಇನ್ನೂ ಕಷ್ಟ. ಬಹುಪಾಲು ಕಟ್ಟುಗಳಲ್ಲಿ ಮುದ್ರಣದ ವರ್ಷವಿಲ್ಲ, ಪರವಾನಗಿಯ ಮಾತಿಲ್ಲ, ಒಟ್ಟು ಎಷ್ಟು ಎಂಬ ಪಟ್ಟಿಯಿಲ್ಲ. ಪಟ್ಟಿಯಿಲ್ಲದೆ ಸೆಟ್ಟು ಪೂರ್ತಿಯಾಯಿತೋ ಇಲ್ಲವೋ ಹೇಳುವವರು ಯಾರು? ಪಂದ್ಯ, ರನ್ನು, ವಿಕೆಟ್ ಹೋಲಿಸಿ ಎದುರಾಳಿಯ ಕಾರ್ಡು ಗೆದ್ದ ನೆನಪಿಗಾಗಿ ಇಟ್ಟುಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ.

ಹಳೆಯ ಸಿಗರೇಟು ಕಾರ್ಡು ಎಂದು ಯಾರಾದರೂ ತೋರಿಸಿದರೆ ಹತ್ತು ಪಟ್ಟಿನ ಮಸೂರ ತೆಗೆದು ಆಟಗಾರನ ಹೆಸರಿನ ಅಕ್ಷರ ನೋಡಿ. ಆ ಕಾಲದ ಅಚ್ಚಿನಲ್ಲಿ ಅಕ್ಷರ ಒಂದೇ ಶಾಯಿಯ ಗಟ್ಟಿ ಗೆರೆ. ಸ್ಕ್ಯಾನ್ ಮಾಡಿ ಮರುಮುದ್ರಿಸಿದ್ದರಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಚಹಾದಲ್ಲಿ ಅದ್ದಿ ಹಳದಿ ಮಾಡಿದರೂ ಚುಕ್ಕಿ ಹೋಗುವುದಿಲ್ಲ.

ಕೊನೆಯದಾಗಿ ಇಡುವ ಕ್ರಮ. ಇಲ್ಲಿ ಹಾಳಾಗುವ ಕಾರ್ಡುಗಳಲ್ಲಿ ಒಳ್ಳೆಯ ಉದ್ದೇಶದಿಂದ ಹಾಳಾದವೇ ಹೆಚ್ಚು. ಲ್ಯಾಮಿನೇಶನ್ ಮಾಡಿಸಿದರೆ ಬಿಸಿಗೆ ಅಂಟು ಕಾಗದಕ್ಕೆ ಇಳಿದು ಕಾರ್ಡು ಮುಗಿದಂತೆ, ಮತ್ತೆ ಬಿಡಿಸಲಾಗದು. ನೋಟ್‌ಬುಕ್ಕಿಗೆ ಗೋಂದು ಹಚ್ಚಿ ಅಂಟಿಸಿದರೆ ಹಿಂಬದಿಯ ಅಚ್ಚು ಹೋಯಿತು. ಮೊದಲು ತೆಳು ಪ್ಲಾಸ್ಟಿಕ್ ಕವರು, ಅಂದರೆ ಪೆನ್ನಿ ಸ್ಲೀವ್, ಅದರ ಮೇಲೆ ಗಟ್ಟಿ ಟಾಪ್‌ಲೋಡರ್. ಕವರಿಲ್ಲದೆ ನೇರ ಟಾಪ್‌ಲೋಡರಿಗೆ ತೂರಿಸಿದರೆ ಮೂಲೆ ಬಡಿಯುತ್ತದೆ. ಮಾಮೂಲಿ ಕಾರ್ಡಿಗೆ 35 ಪಾಯಿಂಟ್ (ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ದಪ್ಪದ್ದು ಸಾಕು, ಬಟ್ಟೆಯ ತುಂಡಿರುವುದಕ್ಕೆ 130 ಅಥವಾ 180 ಬೇಕು. ಪಿವಿಸಿ ಹಾಳೆಗಳ ಅಗ್ಗದ ಆಲ್ಬಮ್ ಬೇಡ, ವರ್ಷ ಕಳೆದಂತೆ ಅದು ಜಿಗುಟಾಗಿ ಶಾಯಿಗೆ ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಹೊಳಪಿನ ಕ್ರೋಮ್ ಕಾರ್ಡು ಬಿಲ್ಲಿನಂತೆ ಬಾಗುತ್ತದೆ: ಹಿಂದಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಹೊಳಪಿನ ಪದರ ಹಿಗ್ಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಬ್ಬಿಯನ್ನು ಗೋಡೆಗೆ ತಾಗಿಸದೆ ಬೀರುವಿನ ನಡು ಅರೆಯಲ್ಲಿಡಿ. ಪೊಟ್ಟಣದ ಹರಳು ಬಣ್ಣ ತಿರುಗಿದಾಗ ಬದಲಾಯಿಸಿ. ಬಾಗಿದ್ದನ್ನು ಇಸ್ತ್ರಿ ಪೆಟ್ಟಿಗೆಯಿಂದ ನೆಟ್ಟಗೆ ಮಾಡಲು ಹೋಗಬೇಡಿ. ಒಣ ಡಬ್ಬಿಯಲ್ಲಿ ಒಂದೆರಡು ವಾರ ಬಿಟ್ಟರೆ ಬಹಳಷ್ಟು ಸಲ ತಾನಾಗಿಯೇ ಸರಿಹೋಗುತ್ತದೆ.

ಇಂತಿ,
ಕ್ರೀಡಾ ಕಾರ್ಡು ಸಂಗ್ರಾಹಕರು, ಬೆಂಗಳೂರು